ಮೂಲೆಗೆ ಬಿದ್ದ ಕಂಪ್ಯೂಟರಿಗೆ ಮರುಜೀವ



ಬೆದೆಗೆ ಬಾರದ ಹಸುವನ್ನು ಗೊಡ್ಡೆಂದು ತೀರ್ಮಾನಿಸಿ ನಾವು ಮರುದಿನವೇ ಮಾರುವುದಿಲ್ಲ. ಪಶುವೈದ್ಯರಿಗೆ ತೋರಿಸುತ್ತೇವೆ. ಎಷ್ಟೋ ಸಲ ದೋಷ ಹಸುವಿನದಲ್ಲ, ಮೇವಿನದು. ಖನಿಜ ಮಿಶ್ರಣ ಕೊಟ್ಟ ಮೇಲೆ ಅದೇ ಹಸು ಗಬ್ಬವಾಗಿ ಕರು ಹಾಕಿರುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಕಂಪ್ಯೂಟರಿನ ವಿಷಯಕ್ಕೆ ಬಂದರೆ ಈ ತಾಳ್ಮೆ ನಮಗೆ ಇರುವುದಿಲ್ಲ. "ಸ್ಲೋ ಆಗಿದೆ" ಎಂದು ಮಗ ಹೇಳಿದ, "ಹೊಸದು ತಗೊಳ್ಳಿ" ಎಂದು ಅಂಗಡಿಯವನು ಹೇಳಿದ, ಅಲ್ಲಿಗೆ ಹಳೆಯದು ಅಟ್ಟ ಸೇರಿತು. ಕಳಸ, ಮೂಡಿಗೆರೆ ಕಡೆ ಮನೆಗಳ ಅಟ್ಟದ ಮೇಲೆ, ಕಾಫಿ ಚೀಲಗಳ ಪಕ್ಕದಲ್ಲಿ, ಹೀಗೆ ಧೂಳು ಹಿಡಿದು ಕೂತ ಯಂತ್ರಗಳು ಎಷ್ಟಿವೆಯೋ. ಅವುಗಳಲ್ಲಿ ಹಲವು ಇನ್ನೂ ಕೆಲಸಕ್ಕೆ ಬರುವಂಥವು. ಅದು ಹೇಗೆಂಬುದೇ ಈ ಪಾಠದ ವಿಷಯ.

ಈಗಲೇ ಇದನ್ನು ಬರೆಯಲು ಕಾರಣವಿದೆ. ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಮತ್ತೊಂದು ವರ್ಷದ ರಕ್ಷಣೆ ಎಂದು ಕಂಪನಿ ಹೇಳಿತು. ವಿಂಡೋಸ್ 7ರ ಕಥೆ 2020ರ ಜನವರಿಯಲ್ಲೇ ಮುಗಿದಿತ್ತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ, 2017ಕ್ಕೂ ಹಿಂದೆ ಕೊಂಡ ಕಂಪ್ಯೂಟರುಗಳಲ್ಲಿ ಹೆಚ್ಚಿನವನ್ನು ಕಂಪನಿಯ ನಿಯಮವೇ ಒಪ್ಪುವುದಿಲ್ಲ. ಬೆಂಬಲ ಮುಗಿದರೆ ಯಂತ್ರ ನಿಲ್ಲುವುದಿಲ್ಲ, ನಡೆಯುತ್ತಲೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ. ಹೊಸದಾಗಿ ಕಂಡುಬಂದ ದೋಷಗಳಿಗೆ ತೇಪೆ ಬೀಳುವುದು ನಿಲ್ಲುತ್ತದೆ. ಹಾಲಿನ ಬಟವಾಡೆ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆ ಖಾತೆಯನ್ನು ಬೇಲಿ ಮುರಿದ ಯಂತ್ರದಲ್ಲಿ ತೆರೆದು ನೋಡುವುದೂ ಒಂದೇ, ಗದ್ದೆಯ ತಡಮೆ ತೆಗೆದಿಟ್ಟು ಮಲಗುವುದೂ ಒಂದೇ. ಪೇಟೆಯಲ್ಲಿ ಹಾಕಿಕೊಡುವ ಕಳ್ಳ ಪ್ರತಿಯ ವಿಂಡೋಸ್ ಇದಕ್ಕಿಂತಲೂ ಕೆಟ್ಟದ್ದು. ಬೀಗ ಒಡೆದವನು ಒಳಗೆ ಇನ್ನೇನು ಇಟ್ಟು ಹೋಗಿದ್ದಾನೆಂದು ಬಲ್ಲವರಾರು?

ಇದಕ್ಕಿರುವ ದಾರಿ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಇದರ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಲೋಕದ ನಾನಾ ಕಡೆಯ ಸಾವಿರಾರು ಜನ ಕೈಗೂಡಿಸಿದರು. ಸಹಕಾರ ಸಂಘ ನಡೆಸುವ ನಮಗೆ ಈ ಪದ್ಧತಿ ಹೊಸದೇನಲ್ಲ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಕೀಲಿ ಸಂಖ್ಯೆ ಕೇಳುವುದಿಲ್ಲ, ನೆರೆಮನೆಗೆ ನಕಲು ಕೊಟ್ಟರೆ ಅಪರಾಧವಲ್ಲ. ಇದರಲ್ಲಿ ಹಲವು ತಳಿಗಳಿವೆ. ಕೆಲವು ಭಾರಿ ಯಂತ್ರಗಳಿಗೆ ಹೇಳಿಸಿದಂಥವು, ಕೆಲವು ಮಲೆನಾಡು ಗಿಡ್ಡದಂತೆ ಕಡಿಮೆ ಮೇವಿನಲ್ಲಿ ಬದುಕುವಂಥವು. ನಮಗೆ ಬೇಕಾದದ್ದು ಗಿಡ್ಡ ತಳಿ.

ಇದು ಬೆಂಗಳೂರಿನ ಇಂಜಿನಿಯರುಗಳ ಆಟವೆಂದು ತಿಳಿಯಬೇಡಿ. ಚಾರ್ಮಾಡಿ ಇಳಿದು ಮಂಗಳೂರು ದಾಟಿದರೆ ಸಿಗುವ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್ ಮೇಲೆಯೇ. ಕೇರಳ ಸರ್ಕಾರ ತನ್ನ ಶಾಲೆಗಳಲ್ಲಿ ಇದನ್ನು ಜಾರಿಗೆ ತಂದು ಒಂದೂವರೆ ದಶಕಕ್ಕೂ ಹೆಚ್ಚಾಯಿತು. 2017ರಿಂದ ಆ ಕೆಲಸವನ್ನು ಕೈಟ್ ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಪಠ್ಯಪುಸ್ತಕ ಕನ್ನಡದಲ್ಲಿಯೂ ಉಂಟು. ಎಂಟನೇ ತರಗತಿಯ ಹುಡುಗಿ ನಡೆಸಬಲ್ಲದ್ದನ್ನು ನಾವು ನಡೆಸಲಾರೆವೇ?

ಇನ್ನು ಕೆಲಸಕ್ಕೆ ಬರೋಣ. ಮೊದಲು ಯಂತ್ರವನ್ನು ಪರೀಕ್ಷಿಸಬೇಕು. ಹಸುವನ್ನು ಕೊಳ್ಳುವಾಗ ಕೊಂಬು ನೋಡದೆ ಕೆಚ್ಚಲು ನೋಡುವಂತೆ, ಇಲ್ಲಿ ನೋಡಬೇಕಾದದ್ದು ಮೆಮೊರಿಯನ್ನು, ಅಂದರೆ ರ‍್ಯಾಮ್ ಎಷ್ಟಿದೆ ಎಂಬುದನ್ನು. ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ 'ಮೈ ಕಂಪ್ಯೂಟರ್' ಅಥವಾ 'ದಿಸ್ ಪಿಸಿ' ಚಿತ್ರದ ಮೇಲೆ ಮೌಸಿನ ಬಲ ಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿ. ರ‍್ಯಾಮ್ ಎಷ್ಟು ಜಿಬಿ ಎಂಬುದೂ, ಯಂತ್ರ 64-ಬಿಟ್‌ನದೋ 32-ಬಿಟ್‌ನದೋ ಎಂಬುದೂ ಅಲ್ಲಿರುತ್ತದೆ. ಒಂದು ಎಚ್ಚರಿಕೆ: 64-ಬಿಟ್ ಯಂತ್ರಕ್ಕೆ 32-ಬಿಟ್ ವಿಂಡೋಸ್ ಹಾಕಿರುವುದೂ ಉಂಟು. ಆದ್ದರಿಂದ 'ಸಿಸ್ಟಂ ಟೈಪ್' ಎಂಬ ಸಾಲಿನಲ್ಲಿ ಪ್ರೊಸೆಸರ್ ಬಗ್ಗೆ ಏನು ಬರೆದಿದೆ ಎಂಬುದನ್ನು ಓದಬೇಕು.

4 ಜಿಬಿ ಇದ್ದರೆ ಚಿಂತೆಯೇ ಇಲ್ಲ. ಲಿನಕ್ಸ್ ಮಿಂಟ್‌ನ 'ಎಕ್ಸ್‌ಎಫ್‌ಸಿಇ' ನಮೂನೆ ಹಾಕಿ. ವಿಂಡೋಸ್ ಬಳಸಿ ರೂಢಿಯಾದವರಿಗೆ ಅದು ಬೇಗ ಒಗ್ಗುತ್ತದೆ. 2 ಜಿಬಿ ಇದ್ದರೆ ಲುಬುಂಟು. 1 ಜಿಬಿ ಮಾತ್ರ ಇದ್ದರೆ, ಅಥವಾ ಯಂತ್ರ 32-ಬಿಟ್‌ನದಾದರೆ, ಆಯ್ಕೆ ಕಡಿಮೆ. ದೊಡ್ಡ ತಳಿಗಳು ಒಂದೊಂದಾಗಿ 32-ಬಿಟ್ ಕೈಬಿಟ್ಟಿವೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ ಅಂಥ ಯಂತ್ರಗಳಲ್ಲಿ ಹೊಸದಾಗಿ ಹಾಕಲು ಬರುವುದಿಲ್ಲ. ಆಂಟಿಎಕ್ಸ್‌ನ 23ನೇ ಆವೃತ್ತಿಯಲ್ಲಿ 32-ಬಿಟ್ ನಮೂನೆ ಇದೆ. ಪಪ್ಪಿ ಲಿನಕ್ಸ್ ಎಂಬ ಇನ್ನೂ ಚಿಕ್ಕದೊಂದಿದ್ದು, ಅದು ಪೂರ್ತಿ ಮೆಮೊರಿಯೊಳಗೇ ಕುಳಿತು ಕೆಲಸ ಮಾಡುತ್ತದೆ. ಆದರೆ 1 ಜಿಬಿ ಯಂತ್ರದಿಂದ ಹೆಚ್ಚು ನಿರೀಕ್ಷಿಸಕೂಡದು. ಪತ್ರ ಬರೆಯಬಹುದು, ಲೆಕ್ಕ ಇಡಬಹುದು, ಹಾಡು ಕೇಳಬಹುದು. ಮಕ್ಕಳ ಪಾಠದ ವಿಡಿಯೋ ನೋಡಲು ಕೂತರೆ ತೆವಳುತ್ತದೆ. ತಪ್ಪು ಲಿನಕ್ಸ್‌ನದಲ್ಲ, ಇಂದಿನ ಅಂತರಜಾಲದ ಪುಟಗಳೇ ಅಷ್ಟು ಭಾರ.

ಒಂದು ವಿಷಯ ಒತ್ತಿ ಹೇಳುತ್ತೇನೆ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ತಿರುಗುವ ತಟ್ಟೆಯ ಡಿಸ್ಕಿಗೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎಷ್ಟೋ ಯಂತ್ರಗಳು ನಿಧಾನವಾದದ್ದು ಡಿಸ್ಕ್ ಸವೆದದ್ದರಿಂದಲೇ. ರ‍್ಯಾಮ್ ಹೆಚ್ಚಿಸುವುದು ಎರಡನೆಯ ಮಾತು.

ನಮ್ಮ ಕಡೆಯ ಯಂತ್ರಗಳಿಗೆ ಮಳೆಗಾಲದ ಕಾಯಿಲೆ ಬೇರೆ ಇದೆ. ಕೊಟ್ಟಿಗೆಹಾರದಂಥ ಜಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಯಂತ್ರದ ಪಾಡೇನು? ಬೂಷ್ಟು ಹಿಡಿಯುತ್ತದೆ, ತಾಮ್ರದ ಹಲ್ಲುಗಳು ಮಸುಕಾಗುತ್ತವೆ. ಆನ್ ಮಾಡಿದರೆ ಬರೀ ಬೀಪ್ ಶಬ್ದ ಬಂದು ಪರದೆ ಕಪ್ಪಾಗಿದ್ದರೆ "ಸತ್ತುಹೋಯಿತು" ಎನ್ನಬೇಡಿ. ವೈರು ಕಿತ್ತು, ಪೆಟ್ಟಿಗೆ ಬಿಚ್ಚಿ, ರ‍್ಯಾಮ್ ಪಟ್ಟಿಯನ್ನು ಮೆಲ್ಲಗೆ ತೆಗೆದು, ಅದರ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿ. ಅರ್ಧ ಯಂತ್ರಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಪ್ರತಿ ಸಲವೂ ತಾರೀಖು ತಪ್ಪಾಗಿ ತೋರಿಸಿದರೆ ಮದರ್ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ ಎಂದರ್ಥ. ಅದರ ಸಂಖ್ಯೆ ಸಾಮಾನ್ಯವಾಗಿ ಸಿಆರ್ 2032, ವಾಚ್ ಅಂಗಡಿಯಲ್ಲಿ ಸಿಗುತ್ತದೆ. ಫ್ಯಾನಿನ ಧೂಳನ್ನು ಮೆತ್ತನೆ ಬ್ರಶ್ಶಿನಿಂದ ತೆಗೆಯಿರಿ. ತೇವ ಆರಲೆಂದು ಬಚ್ಚಲೊಲೆಯ ಹತ್ತಿರ ಇಡುವವರಿದ್ದಾರೆ. ಹಾಗೆ ಮಾಡಕೂಡದು, ಹೊಗೆಯ ಕಿಟ್ಟ ಒಳಗೆ ಸೇರುತ್ತದೆ.

ಮುಂದಿನದು ಎಲ್ಲಕ್ಕಿಂತ ಮುಖ್ಯವಾದದ್ದು. ಲಿನಕ್ಸ್ ಹಾಕುವಾಗ ಹಳೆಯ ಡಿಸ್ಕನ್ನು ಅಳಿಸಲಾಗುತ್ತದೆ. ಒಮ್ಮೆ ಅಳಿಸಿದ್ದು ಬಾರದು. ಈ ಪಾಠ ನನಗೆ ದುಬಾರಿಯಾಯಿತು. ಕೆಲವು ವರ್ಷಗಳ ಹಿಂದೆ ಸಂಘವೊಂದರ ಹಳೆಯ ಕಂಪ್ಯೂಟರ್ ಸರಿಪಡಿಸಲು ಹೊರಟು, "ಇದರಲ್ಲಿ ಏನೂ ಇಲ್ಲ" ಎಂದು ಅವಸರದಲ್ಲಿ ನಾನೇ ತೀರ್ಮಾನಿಸಿ ಗುಂಡಿ ಒತ್ತಿದೆ. ಮೂರು ವರ್ಷದ ಬೋನಸ್ ಪಟ್ಟಿ ಅದರಲ್ಲೇ ಇತ್ತು. ಪುಸ್ತಕ ನೋಡಿ ಮತ್ತೆ ಬರೆಯಲು ಕಾರ್ಯದರ್ಶಿಯವರೂ ನಾನೂ ಸೇರಿ ಹನ್ನೊಂದು ರಾತ್ರಿ ಕೂತೆವು. ಅವರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. ಆದ್ದರಿಂದ ಫೋಟೋ, ಪಹಣಿಯ ಪ್ರತಿ, ಲೆಕ್ಕದ ಫೈಲು ಎಲ್ಲವನ್ನೂ ಎರಡು ಕಡೆ ನಕಲು ಮಾಡಿ. ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಮುಂದುವರಿಯಿರಿ.

ಇದಕ್ಕೆ ಸೇರಿದ ಇನ್ನೊಂದು ಮಾತು. ಹಾಲು ಶೇಖರಣೆಯ ತೂಕ, ಫ್ಯಾಟ್, ಎಸ್‌ಎನ್‌ಎಫ್ ದಾಖಲಿಸುವ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅದರ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್‌ಗೆಂದೇ ಬರೆದದ್ದು. ಬೆಳಿಗ್ಗೆ ಆರಕ್ಕೆ ಸದಸ್ಯರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುವಾಗ ಯಂತ್ರ ಮುಷ್ಕರ ಹೂಡಿದರೆ ಉತ್ತರ ಕೊಡುವವರು ಯಾರು? ಟ್ಯಾಲಿ ಬಳಸುವ ಸಂಘದ ಲೆಕ್ಕದ ಕಂಪ್ಯೂಟರಿಗೂ ಇದೇ ಮಾತು. ನಾನು ಹೇಳುತ್ತಿರುವುದು ಮನೆಯ ಯಂತ್ರ, ಮಕ್ಕಳ ಯಂತ್ರ, ಸಂಘದಲ್ಲಿ ಪತ್ರ ವ್ಯವಹಾರಕ್ಕೆ ಇಟ್ಟ ಎರಡನೆಯ ಯಂತ್ರದ ಬಗ್ಗೆ.

ಹಾಕುವ ಕ್ರಮ ಕಷ್ಟದ್ದಲ್ಲ. 8 ಜಿಬಿಯ ಪೆನ್ ಡ್ರೈವ್ ಒಂದು ಬೇಕು. ಮಿಂಟ್ ಫೈಲು ಸುಮಾರು 3 ಜಿಬಿ ಇರುವುದರಿಂದ ಸಿಗ್ನಲ್ ಸಿಗದ ಊರಿನವರು ಪೇಟೆಗೆ ಹೋದಾಗ ಇಳಿಸಿಕೊಂಡು ಬರುವುದು ಮೇಲು. ಅದನ್ನು ಆಯಾ ತಳಿಯವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು, ಕಂಡಕಂಡಲ್ಲಿಂದಲ್ಲ. ಫೈಲನ್ನು ಸುಮ್ಮನೆ ನಕಲು ಮಾಡಿದರೆ ಸಾಲದು. 'ರೂಫಸ್' ಅಥವಾ 'ಬಲೇನಾ ಎಚರ್' ಎಂಬ ಸಣ್ಣ ತಂತ್ರಾಂಶದ ಮೂಲಕ ಬರೆಯಬೇಕು. ಆಗ ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸುತ್ತದೆ ಎಂಬುದು ನೆನಪಿರಲಿ. ಅನಂತರ ಅದನ್ನು ಹಳೆಯ ಯಂತ್ರಕ್ಕೆ ಸಿಕ್ಕಿಸಿ, ಆನ್ ಮಾಡಿದ ಕೂಡಲೇ ಎಫ್ 12, ಎಫ್ 9 ಅಥವಾ ಎಸ್ಕೇಪ್ ಗುಂಡಿಯನ್ನು ಬಿಡದೆ ಒತ್ತುತ್ತಾ ಹೋಗಿ. ಗುಂಡಿ ಕಂಪನಿಯಿಂದ ಕಂಪನಿಗೆ ಬೇರೆ. ಬಂದ ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ.

ಈಗ ಪರದೆಯ ಮೇಲೆ ಲಿನಕ್ಸ್ ಕಾಣಿಸುತ್ತದೆ. ಆದರೆ ಡಿಸ್ಕಿಗೆ ಇನ್ನೂ ಏನೂ ಆಗಿರುವುದಿಲ್ಲ. ಪೆನ್ ಡ್ರೈವಿನಿಂದಲೇ ನಡೆಯುತ್ತಿರುತ್ತದೆ. ಇದು ಬಹಳ ಒಳ್ಳೆಯ ಏರ್ಪಾಡು. ಹಸು ಕೊಳ್ಳುವ ಮೊದಲು ಎರಡು ಹೊತ್ತು ಕರೆದು ನೋಡಿದಂತೆ ಒಂದು ದಿನ ಬಳಸಿ ನೋಡಿ. ವೈಫೈ ಹಿಡಿಯುತ್ತದೆಯೇ, ಶಬ್ದ ಬರುತ್ತದೆಯೇ, ಪ್ರಿಂಟರ್ ಒಪ್ಪುತ್ತದೆಯೇ ಪರೀಕ್ಷಿಸಿ. ಕೆಲವು ಸಣ್ಣ ಲೇಸರ್ ಪ್ರಿಂಟರುಗಳು ತಕರಾರು ಮಾಡುತ್ತವೆ. ಅಂಥವು ಇದ್ದರೆ ತಿಳಿದವರನ್ನು ಕೇಳದೆ ಮುಂದುವರಿಯಬೇಡಿ. ಎಲ್ಲ ಸರಿಯೆನಿಸಿದರೆ 'ಇನ್‌ಸ್ಟಾಲ್' ಚಿತ್ರ ಒತ್ತಿ, ಕೇಳಿದ್ದಕ್ಕೆ ಉತ್ತರಿಸುತ್ತಾ ಹೋಗಿ. ಊರು ಕೇಳಿದಾಗ ಕೊಲ್ಕತ್ತಾ ಎಂದಿರುತ್ತದೆ. ಗಾಬರಿ ಬೇಡ, ನಮ್ಮ ದೇಶದ ಗಡಿಯಾರಕ್ಕೆ ಅದೇ ಹೆಸರು. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಸಿಕ್ಕಿಸಿರಲಿ. ಡೆಸ್ಕ್‌ಟಾಪ್ ಆಗಿದ್ದರೆ ಯುಪಿಎಸ್ ಇರಲಿ, ನಡುವೆ ಕರೆಂಟು ಹೋದರೆ ಮೊದಲಿನಿಂದ ಆಗಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸಂಜೆ ಈ ಕೆಲಸಕ್ಕೆ ಕೂರಲೇಬಾರದು.

ಕನ್ನಡದ ಚಿಂತೆ ಹಲವರಿಗಿದೆ. ಕೀಲಿಮಣೆಯ ಸೆಟ್ಟಿಂಗ್ಸಿನಲ್ಲಿ ಭಾರತದ ಭಾಷೆಗಳ ನಡುವೆ 'ಕನ್ನಡ ಕಗಪ' ಎಂಬುದನ್ನು ಸೇರಿಸಿಕೊಂಡರೆ ಸಾಕು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತದ್ದಾದ್ದರಿಂದ ನುಡಿಯಲ್ಲಿ ಬೆರಳು ಪಳಗಿದವರಿಗೆ ಹೆಚ್ಚುಕಡಿಮೆ ಅದೇ ಕೈ ಓಡುತ್ತದೆ. ಅಕ್ಷರರೂಪಗಳಲ್ಲಿ ನವಿಲು, ಗುಬ್ಬಿ ಎಂಬ ಎರಡು ಚೆಂದದವು ಉಚಿತವಾಗಿ ಸಿಗುತ್ತವೆ. ಆದರೆ ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ನಡಾವಳಿಗಳು ಇಲ್ಲಿ ತೆರೆದಾಗ ಅರ್ಥವಾಗದ ಇಂಗ್ಲಿಷ್ ಗೀಚಿನಂತೆ ಕಾಣುತ್ತವೆ. ಅಳಿಸಿಬಿಡಬೇಡಿ, ಹಾಳಾಗಿಲ್ಲ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಅವುಗಳ ಮೂಲಕ ಹಾಯಿಸಿದರೆ ಕನ್ನಡ ಮರಳಿ ಬರುತ್ತದೆ. ಪತ್ರಕ್ಕೂ ಲೆಕ್ಕದ ಹಾಳೆಗೂ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಉಂಟು. ಎಕ್ಸೆಲ್ ಫೈಲುಗಳು ಅದರಲ್ಲಿ ತೆರೆಯುತ್ತವೆ. ಮನೆಯ ಹಸುಗಳ ಗರ್ಭಧಾರಣೆ ತಾರೀಖು, ದಿನದ ಹಾಲು, ಹಿಂಡಿಯ ಖರ್ಚು ಬರೆದಿಡಲು ಇದು ಧಾರಾಳವಾಯಿತು.

ಯಂತ್ರ ನಡೆಯತೊಡಗಿದ ಮೇಲೆ 'ಅಪ್‌ಡೇಟ್ ಮ್ಯಾನೇಜರ್' ಕೇಳಿದಾಗಲೆಲ್ಲ ಒಪ್ಪಿಗೆ ಕೊಡಿ. ಬೇಲಿಗೆ ಹೊಸ ಗೂಟ ಹಾಕುವ ಕೆಲಸ ಅದು. ಪಾಸ್‌ವರ್ಡನ್ನು ಹಾಲಿನ ಪಾಸ್ ಪುಸ್ತಕದ ಹಿಂದೆ ಬರೆಯಬೇಡಿ. ಮತ್ತು ಆ ಪೆನ್ ಡ್ರೈವನ್ನು ಬರಿದು ಮಾಡದೆ, ಮೇಲೆ ಚೀಟಿ ಅಂಟಿಸಿ, ಸಂಘದ ಕಪಾಟಿನಲ್ಲಿ ಇಡಿ. ಮುಂದಿನ ವಾರ ಇನ್ನೊಬ್ಬರು ಅಟ್ಟದಿಂದ ಒಂದನ್ನು ಇಳಿಸಿಕೊಂಡು ಬರುತ್ತಾರೆ.