ಇಪ್ಪತ್ತೇ ಬೈಟ್‌ನ ಬ್ಯಾಕಪ್

ಪ್ರಶ್ನೆ: ನಮ್ಮ ಸಹಕಾರ ಸಂಘದ ಲೆಕ್ಕಪತ್ರ ಲಿನಕ್ಸ್ ಸರ್ವರ್‌ನ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ಬ್ಯಾಕಪ್ ಸ್ಕ್ರಿಪ್ಟನ್ನು ನಾನೇ ಓಡಿಸಿದರೆ ಸರಿಯಾಗಿರುತ್ತದೆ. ರಾತ್ರಿ 2ಕ್ಕೆ ಕ್ರಾನ್ ಓಡಿಸಿದಾಗ ಮಾತ್ರ 20 ಬೈಟ್‌ನ ಜಿಜಿಪ್ ಫೈಲ್ ಸಿಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಇವತ್ತೇ ಕೈಯಾರೆ ಒಂದು ಬ್ಯಾಕಪ್ ತೆಗೆದು ಬೇರೆ ಯಂತ್ರದಲ್ಲಿಡಿ. ಹಳೆಯ ಪ್ರತಿಗಳನ್ನು ಅಳಿಸುವ ಸಾಲು ಸ್ಕ್ರಿಪ್ಟ್‌ನಲ್ಲಿದ್ದರೆ ಸದ್ಯಕ್ಕೆ ನಿಲ್ಲಿಸಿ.

ಏನನ್ನೂ ತುಂಬದೆ ಕುಗ್ಗಿಸಿದ ಜಿಜಿಪ್ ಫೈಲಿನ ಗಾತ್ರವೇ 20 ಬೈಟ್. ಅಂದರೆ ಜಿಜಿಪ್ ಓಡಿದೆ, ಡಂಪ್‌ನಿಂದ ಏನೂ ಬಂದಿಲ್ಲ. ಕಾರಣ ಹೆಚ್ಚಾಗಿ ಎರಡರಲ್ಲೊಂದು.

1. ಕ್ರಾನ್‌ಗೆ ನಿಮ್ಮ ಲಾಗಿನ್‌ನ ‘ಪಾತ್’ ಗೊತ್ತಿರುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಮೈಎಸ್‌ಕ್ಯೂಎಲ್‌ಡಂಪ್‌ನ ಪೂರ್ತಿ ವಿಳಾಸ ಬರೆಯಿರಿ.

2. ಕ್ರಾನ್ ಬೇರೆ ಬಳಕೆದಾರನ ಹೆಸರಲ್ಲಿ ಓಡುತ್ತಿದ್ದರೆ ಪಾಸ್‌ವರ್ಡ್ ಸಿಗುವುದಿಲ್ಲ. ಆ ಬಳಕೆದಾರನ ಹೋಮ್ ಫೋಲ್ಡರ್‌ನಲ್ಲೇ ಪಾಸ್‌ವರ್ಡ್ ಫೈಲ್ ಇಟ್ಟು, ಅನುಮತಿ 600 ಮಾಡಿ.

ದೋಷ ಸಂದೇಶಗಳು ಒಂದು ಲಾಗ್ ಫೈಲಿಗೆ ಹೋಗುವಂತೆ ಮಾಡಿದರೆ, ಎರಡರಲ್ಲಿ ಯಾವುದೆಂದು ಮರುದಿನ ಬೆಳಿಗ್ಗೆಯೇ ತಿಳಿಯುತ್ತದೆ. ಬ್ಯಾಷ್ ಸ್ಕ್ರಿಪ್ಟ್ ಆಗಿದ್ದರೆ ಮೇಲ್ಗಡೆ ‘ಪೈಪ್‌ಫೇಲ್’ ಹಾಕಿ. ಇಲ್ಲದಿದ್ದರೆ ಡಂಪ್ ಸೋತರೂ ಜಿಜಿಪ್ ಗೆದ್ದಿತೆಂದು ಇಡೀ ಕೆಲಸ ಯಶಸ್ವಿ ಎಂದೇ ದಾಖಲಾಗುತ್ತದೆ.

ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು, ಕೊನೆಯ ರಸೀದಿ ಸಂಖ್ಯೆಯನ್ನು ಪುಸ್ತಕದೊಂದಿಗೆ ತಾಳೆ ನೋಡಿ. ಮರಳಿ ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

ಲಾಗ್‌ನಲ್ಲಿ ಡಿಸ್ಕ್ ದೋಷ ಅಥವಾ ಟೇಬಲ್ ಕೆಟ್ಟಿರುವ ಸೂಚನೆ ಕಂಡರೆ ನೀವೇ ದುರಸ್ತಿಗೆ ಇಳಿಯಬೇಡಿ. ಸರ್ವರ್ ಬಳಕೆ ನಿಲ್ಲಿಸಿ, ಡೇಟಾಬೇಸ್ ತಜ್ಞರನ್ನು ಅಂದೇ ಕರೆಸಿ.