ಬೇಸಗೆಯೂ ಕೃತಜ್ಞತೆಯೂ

‘ಕೃತಜ್ಞತೆ’ ಎಂಬ ಮಾತನ್ನು ನಾವು ಸಭೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ವಂದನಾರ್ಪಣೆಯ ಸರದಿ ಬಂದಾಗ ಅಧ್ಯಕ್ಷರಿಂದ ಹಿಡಿದು ಹೂಮಾಲೆ ತಂದವರವರೆಗೆ ಎಲ್ಲರಿಗೂ ಅದು ಸಲ್ಲುತ್ತದೆ. ಮನೆಯಲ್ಲಾದರೋ ಈ ಮಾತನ್ನು ಯಾರೂ ಆಡುವುದಿಲ್ಲ. ತಾಯಿ ಬಡಿಸಿದ ಮುದ್ದೆಗೆ ‘ಧನ್ಯವಾದ’ ಹೇಳಿದ ಮಗನಿಗೆ ಜ್ವರ ಬಂದಿದೆಯೇನೋ ಎಂದು ನಮ್ಮ ಸತ್ತೇಗಾಲದ ಕಡೆ ಹಣೆ ಮುಟ್ಟಿ ನೋಡಿಯಾರು. ಹಾಗಾದರೆ ನಮ್ಮ ಮನೆಗಳಲ್ಲಿ ಕೃತಜ್ಞತೆ ಇಲ್ಲವೆ? ಇದ್ದರೆ ಅದು ಯಾವ ರೂಪದಲ್ಲಿದೆ? ದೈವದ ಮೇಲಣ ನಂಬಿಕೆಗೂ ಅದಕ್ಕೂ ಏನು ಸಂಬಂಧ? ಬೇಸಗೆಯ ರಜೆಯಲ್ಲಿ ಊರಿನಲ್ಲಿದ್ದು ಕಂಡುದನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ತುಸು ವಿಚಾರಿಸುವುದು ನನ್ನ ಉದ್ದೇಶ.

ಮೊದಲು ಪದದ ಅರ್ಥವನ್ನೇ ನೋಡೋಣ. ಕೃತಜ್ಞನೆಂದರೆ ಮಾಡಿದುದನ್ನು ಅರಿತವನು. ಇಲ್ಲಿ ಹೇಳುವುದಕ್ಕಿಂತ ಅರಿಯುವುದೇ ಮುಖ್ಯವೆಂದಾಯಿತು. ನಮ್ಮ ಹಳ್ಳಿಯ ಗಾದೆ ಇದನ್ನೇ ‘ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ’ ಎಂದು ಹೇಳುತ್ತದೆ. ‘ನೆನೆ’ ಎಂಬ ಕನ್ನಡ ಧಾತುವಿಗೆ ಎರಡು ಅರ್ಥಗಳುಂಟು: ಸ್ಮರಿಸುವುದು ಒಂದು, ನೀರಿನಲ್ಲಿ ತೊಯ್ಯುವುದು ಇನ್ನೊಂದು. ವ್ಯಾಕರಣದ ಪಂಡಿತರು ಇವೆರಡನ್ನೂ ಬೇರೆಬೇರೆಯೆಂದೇ ಎಣಿಸಲಿ; ಆದರೆ ಮಾಡಿದ ಉಪಕಾರವು ಒಳಗಿಳಿದು ಮನಸ್ಸನ್ನು ಮೆತ್ತಗೆ ಮಾಡಬೇಕಾದರೆ ನೆನೆಹಾಕಿದ ಕಾಳಿನಂತೆ ಅದಕ್ಕೂ ಹೊತ್ತು ಬೇಕೆಂಬುದು ನಿಜ.

ಈ ಪಾಠವನ್ನು ಕಲಿಯಲು ಬೇಸಗೆಯೇ ತಕ್ಕ ಕಾಲ. ಏಕೆಂದರೆ ಮಳೆಗಾಲದಲ್ಲಿ ಕೇಳದೆ ಬರುವುದನ್ನು ಬೇಸಗೆಯು ಅಳೆದು ಕೊಡುತ್ತದೆ. ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಿಂದ ಭರಚುಕ್ಕಿ ದೂರವಿಲ್ಲ. ಆಷಾಢ ಶ್ರಾವಣಗಳಲ್ಲಿ ಕಾವೇರಿಯ ಆರ್ಭಟವನ್ನು ನೋಡಲು ಊರೂರುಗಳಿಂದ ಜನ ಬರುತ್ತಾರೆ. ಚೈತ್ರ ವೈಶಾಖಗಳಲ್ಲಿ ಬಂಡೆಗಳು ಮೈದೋರಿ, ನೀರು ಸಣ್ಣ ಎಳೆಗಳಾಗಿ ಇಳಿಯುವಾಗ ನೋಡುವವರು ಕಡಿಮೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತೆಂಬುದನ್ನು ನಾವೆಲ್ಲ ಓದಿದ್ದೇವೆ. ಬೇಸಗೆಯಲ್ಲಿ ಹೊಳೆ ಬಡವಾದಾಗ ಆ ಯಂತ್ರಗಳಿಗೂ ನೀರಿನ ಕೊರತೆ ತಟ್ಟುತ್ತಿತ್ತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದುದಕ್ಕೆ ವರ್ಷವಿಡೀ ಶಿವನಸಮುದ್ರಕ್ಕೆ ಸಮನಾಗಿ ನೀರೊದಗಿಸಬೇಕೆಂಬುದೂ ಒಂದು ಕಾರಣ. ಹೊಳೆಯ ಬೆಲೆಯನ್ನು ಇಂಜಿನಿಯರುಗಳಿಗೂ ಬೇಸಗೆಯೇ ಹೇಳಿಕೊಟ್ಟಿತೆನ್ನಬಹುದು.

ಮನೆಯೊಳಗೂ ಇದೇ ನಿಯಮ. ಮಳೆಗಾಲದಲ್ಲಿ ಚೊಂಬು ನೀರನ್ನು ಅಂಗಳಕ್ಕೆ ಚೆಲ್ಲುವ ಕೈಯೇ ಬೇಸಗೆಯಲ್ಲಿ ಪಾತ್ರೆ ತೊಳೆದ ನೀರನ್ನು ನುಗ್ಗೆಯ ಬುಡಕ್ಕೆ ಒಯ್ಯುತ್ತದೆ. ದನಕ್ಕೆ ಕುಡಿಸಿದ ಮೇಲೆಯೇ ಮನೆಯವರ ಸ್ನಾನ. ಜಗಲಿಯ ಮೇಲೆ ದಾರಿಹೋಕರಿಗೆಂದು ಒಂದು ಮಡಕೆ ನೀರು ಸದಾ ಇರುತ್ತದೆ. ಹಿಂದಿನವರ ಅರವಟ್ಟಿಗೆಯ ಧರ್ಮ ಈಗ ಆ ಮಡಕೆಯಷ್ಟೇ ಉಳಿದಿದೆಯೆನ್ನಬೇಕು. ಈಚಿನ ಕೆಲವು ವರ್ಷಗಳಲ್ಲಿ ರಂಜಾನಿನ ಉಪವಾಸವೂ ಬೇಸಗೆಯಲ್ಲೇ ಬಂದಿತು. ಹಗಲೆಲ್ಲ ಹನಿ ನೀರು ಮುಟ್ಟದೆ ದುಡಿದು, ಸಂಜೆ ಮೊದಲ ಗುಟುಕನ್ನು ತೆಗೆದುಕೊಳ್ಳುವ ಗೆಳೆಯನ ಮುಖವನ್ನು ನೋಡಿದವನಿಗೆ ಕೃತಜ್ಞತೆಯ ವ್ಯಾಖ್ಯಾನ ಬೇಕಾಗದು.

ಇನ್ನು ನಂಬಿಕೆಯ ವಿಚಾರ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಯುಗಾದಿಗೆ ಹೊನ್ನಾರು ಹೂಡುವ ಪದ್ಧತಿಯುಂಟು. ಎತ್ತುಗಳ ಮೈ ತೊಳೆದು, ನೇಗಿಲಿಗೆ ಪೂಜೆಮಾಡಿ, ಹೊಸ ವರ್ಷದ ಮೊದಲ ಉಳುಮೆಯನ್ನು ಅಂದು ಮಾಡುತ್ತಾರೆ. ಆ ದಿನ ಆಕಾಶದಲ್ಲಿ ಮೋಡವಿರುವುದಿಲ್ಲ, ನೆಲದಲ್ಲಿ ಹಸಿಯಿರುವುದಿಲ್ಲ. ‘ಭರಣಿ ಮಳೆ ಧರಣಿ ಬೆಳೆ’ ಎಂಬ ಗಾದೆಯ ಭರಣಿಗೆ ಇನ್ನೂ ವಾರಗಳು ಬಾಕಿ. ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆ ಗೀರಿನಿಂದ ಒಂದು ಸೇರು ರಾಗಿಯೂ ಹೆಚ್ಚು ಬೆಳೆಯದು. ಆದರೂ ಹೂಡುತ್ತಾರೆ. ಬರುವುದಕ್ಕೆ ಮುಂಚೆಯೇ ಮಳೆಗೆ ದಾರಿಮಾಡಿಡುವುದು ಅದರ ಅರ್ಥವೆಂದು ನಾನು ತಿಳಿದಿದ್ದೇನೆ. ಅಂದಿನ ಬೇವು ಬೆಲ್ಲವಾದರೂ ಬರುವ ವರ್ಷ ಸಿಹಿಯಾಗಿಯೇ ಇರುವುದೆಂಬ ಭರವಸೆಯನ್ನು ಕೊಡುವುದಿಲ್ಲ. ಎರಡನ್ನೂ ಒಂದೇ ಅಂಗೈಯಲ್ಲಿ ತೆಗೆದುಕೊಳ್ಳೆಂದು ಹೇಳುತ್ತದೆ. ಹೀಗೆ ನಂಬಿಕೆಯು ಇನ್ನೂ ಕಾಣದುದಕ್ಕಾಗಿ ಇಂದಿನ ಕೆಲಸವನ್ನು ಮಾಡುವುದು. ಕೃತಜ್ಞತೆಯು ಆಗಲೇ ಆದುದನ್ನು ಮರೆಯದಿರುವುದು.

ಬೇವಿನ ಪಾಲು ಹೆಚ್ಚಾದಾಗ ಇವೆರಡೂ ನಿಲ್ಲುವುವೆ? ಇದೇ ನಿಜವಾದ ಪರೀಕ್ಷೆ. ಕೊಳ್ಳೇಗಾಲದ ಸೀಮೆ ಬಹುಕಾಲದಿಂದ ರೇಷ್ಮೆಗೆ ಹೆಸರಾದುದು. 1956ರ ನವೆಂಬರ್ 1ಕ್ಕೆ ಮುಂಚೆ, ಈ ತಾಲ್ಲೂಕು ಮದರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗಲೂ ಇಲ್ಲಿ ಹುಳು ಸಾಕುತ್ತಿದ್ದರು. ರೇಷ್ಮೆಹುಳುವಿನ ಸಾಕಣೆ ಸುಮಾರು 25 ದಿನಗಳ ಕೆಲಸ. ಅಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ರೈತರು ‘ಜ್ವರ’ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ತಿನ್ನುವ ಸೊಪ್ಪು ಅದರ ಹಿಂದಿನ ದಿನಗಳದೆಲ್ಲ ಕೂಡಿಸಿದರೂ ಮೀರುತ್ತದೆ. ಬಿಸಿಲು ಹೆಚ್ಚಿದರೆ ಹುಳು ಬಾಳದು. ಆದುದರಿಂದ ಬೇಸಗೆಯಲ್ಲಿ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಹಗಲಿಡೀ ನೀರು ಚಿಮುಕಿಸುತ್ತಿರಬೇಕು. ಕುಡಿಯಲು ದೂರದಿಂದ ಹೊತ್ತು ತಂದ ನೀರಿನಲ್ಲಿ ಹುಳುವಿಗೂ ಪಾಲಿದೆ.

ಒಂದು ವರ್ಷ ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಯ ಹುಳುವಿಗೆ ನಾಲ್ಕನೆಯ ಜ್ವರ ಕಳೆದ ಮೂರನೆಯ ದಿನ ಸಪ್ಪೆ ರೋಗ ತಗಲಿತು. ಚಂದ್ರಿಕೆಗೆ ಏರಬೇಕಾದ ಹುಳು ಎರಡು ದಿನಗಳಲ್ಲಿ ಗುಂಡಿಗೆ ಹೋಯಿತು. ಆ ಬೆಳೆಯ ಹಣದಲ್ಲಿ ಕೈಸಾಲ ತೀರಬೇಕಾಗಿತ್ತು. ನನ್ನ ಓದಿನ ಖರ್ಚೂ ಅದರಲ್ಲೇ ಇತ್ತು. ತಂದೆಯವರು ಊಟ ಬಿಟ್ಟು ಜಗಲಿಯ ಮೇಲೆ ಕುಳಿತರು. ಅವ್ವ ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟಳು. ಕರೆಯದಿದ್ದರೂ ನೆರೆಯ ಇಬ್ಬರು ಹೆಂಗಸರು ಬಂದು ಹುಳುಮನೆಗೆ ಸುಣ್ಣ ಬಳಿದರು. ಅವರ ಮನೆಯ ಹಣ್ಣುಹುಳು ಆರಿಸಲು ಹಿಂದಿನ ಬೆಳೆಯಲ್ಲಿ ಅವ್ವ ಹೋಗಿದ್ದಳಂತೆ. ಇದನ್ನು ನಮ್ಮವರು ಮುಯ್ಯಾಳು ಎನ್ನುತ್ತಾರೆ. ಬರೆದ ಲೆಕ್ಕವಿಲ್ಲ, ಮರೆತ ಲೆಕ್ಕವೂ ಇಲ್ಲ.

ಮರುದಿನ ಸೋಮವಾರ. ಮಲೆಯ ಮಾದೇವನ ದೇವರಗುಡ್ಡ ಕಂಸಾಳೆಯ ಸದ್ದಿನೊಡನೆ ಕೋರಣ್ಯಕ್ಕೆ ಬಂದು ಬಾಗಿಲಲ್ಲಿ ನಿಂತ. ಅವ್ವ ಎಂದಿನಂತೆ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿದಳು. ‘ಈ ಸಲ ಕೊಡದಿದ್ದರೆ ಏನಾಗುತ್ತಿತ್ತು?’ ಎಂದು ನಾನು ಕೇಳಿದೆ. ‘ಹುಳ ಹೋದೊ, ಕೈ ಹೋಗಿಲ್ವಲ್ಲ. ಅವನ ಪಡಿ ಅವನಿಗೆ’ ಎಂದಳು. ಫಲವನ್ನು ಕೊಟ್ಟಾಗ ದೇವರನ್ನು ಹೊಗಳುವುದು ವ್ಯಾಪಾರಕ್ಕೆ ಹತ್ತಿರವಾದುದು. ಫಲವಿಲ್ಲದ ವಾರದಲ್ಲಿಯೂ ಉಳಿದುದನ್ನು ಎಣಿಸಿ ಒಂದು ಹಿಡಿಯನ್ನು ಬೇರೆ ತೆಗೆದಿಡುವುದು ಬೇರೆಯೇ ಗುಣ. ಕೈ ಉಳಿದಿದೆಯೆಂಬ ಅರಿವು ಕೃತಜ್ಞತೆ. ಆ ಕೈಗೆ ನಾಳೆಯೂ ಕೆಲಸವಿದೆಯೆಂಬುದು ನಂಬಿಕೆ. ತೋಟದಲ್ಲಿ ಉಳಿದ ಸೊಪ್ಪನ್ನು ಮಾರಿ, ಎರಡು ತಿಂಗಳು ಬೇರೆಯವರ ಹುಳುಮನೆಗಳಲ್ಲಿ ದುಡಿದು, ನನ್ನ ಫೀಜಿನ ಹಣವನ್ನು ಅವಳೇ ಹೊಂದಿಸಿದಳು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಇಂತಹ ನಂಬಿಕೆಯು ಬಡವನನ್ನು ಸುಮ್ಮನಿರಿಸುವ ಸಾಧನವಲ್ಲವೆ? ಇದ್ದುದರಲ್ಲಿ ತೃಪ್ತಿಪಡೆಂದು ಹೇಳಿ, ಕೇಳಬೇಕಾದುದನ್ನು ಕೇಳದಂತೆ ಮಾಡುವುದಿಲ್ಲವೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹುಳುಮನೆಗೆ ತಂಪು ಬೇಕು, ರೋಗವಿಲ್ಲದ ಮೊಟ್ಟೆ ಬೇಕು, ಗೂಡಿಗೆ ತಕ್ಕ ಬೆಲೆ ಬೇಕು, ಬೇಸಗೆಯಲ್ಲಿ ಮನೆ ಬಾಗಿಲಿಗೆ ನೀರು ಬೇಕು. ಇವನ್ನು ದೇವರಿಗೆ ಬಿಟ್ಟು ಕುಳಿತರೆ ಅದು ಸೋಮಾರಿತನ. ಆದರೆ ಅರಿವೇ ಕೃತಜ್ಞತೆಯ ತಿರುಳಾದರೆ ಅದು ನಮ್ಮನ್ನು ಸುಮ್ಮನಿರಗೊಡದು. ಬಿಳಿಗಿರಿಯ ರಂಗನಾಥನಿಗೆ ಭಕ್ತರು ದೊಡ್ಡ ಪಾದರಕ್ಷೆಗಳನ್ನು ಒಪ್ಪಿಸುತ್ತಾರೆ. ಅವನ್ನು ಹೊಲಿದ ಕೈಗಳನ್ನೂ ನೆನೆಯಬೇಕು. ಸೋಲಿಗರು ಆ ರಂಗನನ್ನು ತಮ್ಮ ಭಾವನೆಂದು ಕರೆಯುತ್ತಾರೆ. ಅವರು ಕಾಡಿನಿಂದ ತಂದ ಜೇನನ್ನು ಸವಿಯುವಾಗ ಅವರನ್ನೂ ನೆನೆಯಬೇಕು. ಯಾರಿಂದ ಏನು ಬಂದಿತೆಂದು ಅರಿತವನು, ಅವರಿಗೆ ಏನು ಸಲ್ಲಲಿಲ್ಲವೆಂಬುದನ್ನೂ ಅರಿಯದಿರಲಾರನು.

ಸಹಪಾಠಿಗಳಿಗೆ ನನ್ನದೊಂದು ಸೂಚನೆ. ಈ ರಜೆಯಲ್ಲಿ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಕೈಗೆ ಬಂದುದೆಲ್ಲ ಯಾರ ಕೈಯಿಂದ ಬಂದಿತೆಂದು ಗುರುತುಮಾಡೋಣ: ನೀರು ಸೇದಿದವರು ಯಾರು, ರಾಗಿ ಬೀಸಿಸಿ ತಂದವರು ಯಾರು, ನಾವು ಮಲಗಿದ ಮೇಲೆ ಹುಳುವಿಗೆ ಸೊಪ್ಪು ಹಾಕಲು ಎದ್ದವರು ಯಾರು. ಪಟ್ಟಿಯಲ್ಲಿ ಒಂದೆರಡು ಹೆಸರುಗಳೇ ಮತ್ತೆ ಮತ್ತೆ ಬರುವುವೆಂದು ನನಗೆ ತೋರುತ್ತದೆ. ಅವರಿಗೆ ಧನ್ಯವಾದ ಹೇಳಹೋದರೆ ನಕ್ಕಾರು. ಆದುದರಿಂದ ಮಾರನೆಯ ಬೆಳಿಗ್ಗೆ ಅವರಿಗಿಂತ ಸ್ವಲ್ಪ ಮುಂಚೆ ಎದ್ದು ಎರಡು ಕೊಡ ನೀರು ತಂದಿಡುವುದೇ ಮೇಲು.