ಹಳೆಯ ಬಿಡಿಭಾಗಗಳ ವ್ಯಾಪಾರ



ತೊಗರಿ ರಾಶಿ ಹತ್ತಿರ ಬಂದಂತೆ ನಂದೂರಿನಿಂದ ಕಲಬುರಗಿಯ ಗುಜರಿ ಅಂಗಡಿಗಳಿಗೆ ಓಡಾಟ ಹೆಚ್ಚುತ್ತದೆ. ಟ್ರ್ಯಾಕ್ಟರಿನ ಗೇರು, ರಾಶಿ ಮಷೀನಿನ ಬೇರಿಂಗು, ಎಲ್ಲವನ್ನೂ ಹೊಸದಾಗಿ ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕಾರಿನವರೂ ಹೀಗೆಯೇ ಹುಡುಕುತ್ತಾರೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ರಾಶಿಯ ನಡುವೆ ಮಷೀನು ನಿಂತರೆ ಕಣದಲ್ಲಿ ಬೆಳೆ, ಮೇಲೆ ಮೋಡ. ಅಗ್ಗದ ಸಾಮಾನು ಆಳುಗಳ ಕೂಲಿಯನ್ನೂ ನುಂಗೀತು.

ಮೊದಲು ಅಳತೆ. ಕೆಟ್ಟ ಸಾಮಾನನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಬೇಕು. ಬೇರಿಂಗಿನ ಮೇಲಿನ ಸಂಖ್ಯೆಯನ್ನು ಓದಲು ಕಲಿಯಿರಿ. 6205 ಎಂದಿದ್ದರೆ ಕೊನೆಯ 05ನ್ನು 5ರಿಂದ ಗುಣಿಸಿ. ಒಳರಂಧ್ರ 25 ಮಿ.ಮೀ. 6305ಕ್ಕೂ ಒಳರಂಧ್ರ ಅಷ್ಟೇ, ಆದರೆ ಹೊರಸುತ್ತು ಮೊದಲಿನದು 52, ಎರಡನೆಯದು 62 ಮಿ.ಮೀ. ಶಾಫ್ಟಿಗೆ ಕೂತಿತೆಂದು ತಂದರೆ ಮನೆಯಲ್ಲಿ ಗೂಡಿಗೆ ಕೂರುವುದಿಲ್ಲ.

ಹೊಸ ಬಣ್ಣ ಬಳಿದ ಎರಕದ ಸಾಮಾನನ್ನು ನಂಬಬೇಡಿ. ಬಿರುಕು ಬಣ್ಣದಡಿ ಅಡಗಿರುತ್ತದೆ. ಬಣ್ಣ ಕೆರೆದು ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗಿನ ಎಣ್ಣೆ ಗೆರೆಯಾಗಿ ಮೇಲೇಳುತ್ತದೆ. ಅಂಗಡಿಯವನು ಇದಕ್ಕೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಬ್ರೇಕಿನ ಮತ್ತು ಸ್ಟೇರಿಂಗಿನ ಸಾಮಾನನ್ನು ಮಾತ್ರ ಹಳೆಯದು ಕೊಳ್ಳಲೇಬಾರದು. ಟ್ರ್ಯಾಲಿಯ ಮೇಲೆ ಕೂಡುವವರು ನಮ್ಮ ಹೆಣ್ಣುಮಕ್ಕಳು, ಆಳುಗಳು.

ಇನ್ನು ಚೌಕಾಸಿ. ಎರಡು ಬೆಲೆ ತಿಳಿದು ಹೋಗತಕ್ಕದ್ದು: ಹೊಸ ಸಾಮಾನಿನ ಬೆಲೆ, ಮತ್ತು ಅದೇ ಸಾಮಾನನ್ನು ಬರಿ ಕಬ್ಬಿಣವೆಂದು ತೂಗಿದರೆ ಆಗುವ ಬೆಲೆ. ಹೊಸದು 3,000, ತೂಕಕ್ಕೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಮಾತು ಈ ಎರಡರ ನಡುವೆಯೇ ನಡೆಯಬೇಕು. "ಎರಡು ಸಾವಿರ" ಎಂದರೆ "ಏಳುನೂರಕ್ಕ ಕೊಡ್ರಿ ಅಣ್ಣಾರ" ಎಂದು ಕೇಳಿ ಸುಮ್ಮನಿರಿ. ನಿಮ್ಮ ಮಷೀನು ನಿಂತಿದೆ, ಇವತ್ತೇ ಬೇಕು ಎಂದು ಮಾತ್ರ ಬಾಯಿಬಿಡಬೇಡಿ. ದನದ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡಿದ ಹಿರಿಯರಿಗೆ ಈ ಪಾಠ ಬೇಕಿಲ್ಲ. ಅವರನ್ನೇ ಜೊತೆಗೆ ಕರೆದೊಯ್ದರೆ ಲೇಸು. ಕೊನೆಗೆ ನೂರು ರೂಪಾಯಿ ಇಳಿಸುವುದಕ್ಕಿಂತ "ಕೂರದಿದ್ದರೆ ಮೂರು ದಿನದೊಳಗೆ ವಾಪಸು" ಎಂದು ಚೀಟಿಯಲ್ಲಿ ಬರೆಸಿಕೊಳ್ಳುವುದು ಹೆಚ್ಚು ಲಾಭ.

ಚೀಟಿಗೆ ಇನ್ನೊಂದು ಕಾರಣವಿದೆ. ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆ, 2023ರ 317ನೆಯ ಕಲಮಿನಂತೆ ಅಪರಾಧ. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಇಂಜಿನ್ ಬ್ಲಾಕಿನ ಸಂಖ್ಯೆ ಉಜ್ಜಿಹೋಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಸಂಖ್ಯೆ ಇದ್ದರೆ ಹಳೆಯ ವಾಹನದ ನೋಂದಣಿ ಪತ್ರದ ನಕಲನ್ನು ಕೇಳಿ ಪಡೆಯಿರಿ.

ಮಾರುವಾಗ ನಮ್ಮವರು ಇಡೀ ಯಂತ್ರವನ್ನು ಒಂದೇ ತೂಕಕ್ಕೆ ಹಾಕಿಬಿಡುತ್ತಾರೆ. ಬಳಸಬಹುದಾದ ಗೇರು, ಸ್ಟಾರ್ಟರುಗಳನ್ನು ಬಿಚ್ಚಿ ಬೇರೆ ಮಾರಿರಿ. ಸುಟ್ಟ ಪಂಪಿನ ಮೋಟಾರಿನೊಳಗೆ ತಾಮ್ರದ ತಂತಿ ಇದ್ದರೆ ಅದರ ಕಿಲೋ ಬೆಲೆ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು. ರಿವೈಂಡಿಂಗಿಗೆ ಕೊಟ್ಟಾಗಲೂ ಹಳೆಯ ತಾಮ್ರವನ್ನು ನಿಮ್ಮೆದುರಿಗೇ ತೂಗಿಸಿ, ಅದರ ಬೆಲೆಯನ್ನು ಕೂಲಿಯಲ್ಲಿ ವಜಾ ಮಾಡಿಸಿಕೊಳ್ಳಿರಿ.